ಆರನೆಯ ಮಣೆ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಗಣಿತದ ವಿಶಾಲಾಕ್ಷಿ ಟೀಚರ್. ಅದೂ ಸ್ಟಾಫ್ ರೂಮಿನ ಬಾಗಿಲ ಕಡೆ ಒಮ್ಮೆ ನೋಡಿಕೊಂಡು, ದನಿ ತಗ್ಗಿಸಿ.

ಹೊಳೆಯ ದಂಡೆಯಲ್ಲೊಂದು ಗುರುಕುಲ. ವಯಸ್ಸಾದ ಗುರುಗಳು ಅದರ ಉಸ್ತುವಾರಿಯನ್ನು ಶಿಷ್ಯ ತ್ರಿಯಂಬಕನಿಗೆ ಒಪ್ಪಿಸಿದರು. ಅವತ್ತಿನಿಂದ ಅವನಿಗೆ ನೆಮ್ಮದಿಯಿಲ್ಲ. ಆರು ಜನ ಉಪಾಧ್ಯಾಯರು. ತಾನಿಲ್ಲದಾಗ ಪಾಠ ಮಾಡುತ್ತಾರೋ, ಹರಟೆ ಹೊಡೆಯುತ್ತಾರೋ, ಯಾರು ಕಂಡವರು?

ಸದ್ದು ಮಾಡುತ್ತದೆಂದು ಪಾದುಕೆ ಬಿಟ್ಟ. ಬರಿಗಾಲಲ್ಲಿ ಹೋಗಿ ಕಿಟಕಿಗಳ ಮರೆಯಲ್ಲಿ ನಿಲ್ಲತೊಡಗಿದ.

ಯಾವಾಗ ಹೋದರೂ ಐದು ಕೋಣೆಗಳಲ್ಲಿ ಮಗ್ಗಿ ಮೊಳಗುತ್ತಿತ್ತು. ಆರನೆಯದು ಚಿಕ್ಕ ಮಕ್ಕಳಿಗೆ ಕಲಿಸುವ ದಾಕ್ಷಾಯಣಮ್ಮನ ಕೋಣೆ. ಅಲ್ಲಿ ಒಮ್ಮೆ ಗುಜುಗುಜು, ಒಮ್ಮೆ ನಗು, ಒಮ್ಮೊಮ್ಮೆ ಏನೂ ಇಲ್ಲ.

ತಿಂಗಳು ತುಂಬುವಷ್ಟರಲ್ಲಿ ಅವನು ಗುರುಗಳ ಮುಂದೆ ನಿಂತಿದ್ದ.

“ನಾಳೆ ದಾಕ್ಷಾಯಣಮ್ಮನನ್ನು ಕಳಿಸಿಬಿಡುತ್ತೇನೆ, ಗುರುಗಳೇ. ನಾನು ಕಿಟಕಿಗೇ ಬಂದು ನಿಂತರೂ ಆಕೆಗೆ ಗೊತ್ತಾಗುವುದಿಲ್ಲ. ಅಷ್ಟು ಅಸಡ್ಡೆ!”

“ಉಳಿದವರಿಗೆ ಗೊತ್ತಾಗುತ್ತದೋ?”

“ಅದೇ ನನಗೂ ಅನುಮಾನ. ನಾನು ಬರುವ ಸುದ್ದಿಯನ್ನು ಯಾರೋ ಮುಟ್ಟಿಸುತ್ತಿದ್ದಾರೆ.”

“ಹಾಗಾದರೆ ಬಾ, ಹಿಡಿಯೋಣ,” ಎಂದು ಗುರುಗಳು ಕೋಲೂರಿಕೊಂಡು ಎದ್ದರು.

ಎಲ್ಲರೂ ಊಟಕ್ಕೆ ಹೋಗಿದ್ದರು. ಮೊದಲ ಕೋಣೆಯಲ್ಲಿ ಗುರುಗಳು ಉಪಾಧ್ಯಾಯರ ಮಣೆ ತೋರಿಸಿದರು.

“ಕೂತ್ಕೋ. ಮಣೆ ಅಲುಗಿಸಬೇಡ. ಎದುರಿಗೆ ಏನು ಕಾಣುತ್ತದೆ?”

“ಕಿಟಕಿ. ಅದರಾಚೆ… ನನ್ನ ಕುಟೀರದ ಬಾಗಿಲು.”

ಎರಡನೆಯ ಕೋಣೆ.

“ನನ್ನ ಬಾಗಿಲು.”

ಮೂರು. ನಾಲ್ಕು. ಅದೇ ಬಾಗಿಲು. ಐದನೆಯದರಲ್ಲಿ, ಮಣೆ ಎಳೆದು ತಿರುಗಿಸಿದ ಗೀರು ನೆಲದ ಮೇಲೆ ಇನ್ನೂ ಹೊಸದಾಗಿತ್ತು.

“ಇದು ಯಾವಾಗ ತಿರುಗಿದ್ದು ಮಾರಾಯಾ?”

“ನಾನು… ಉಸ್ತುವಾರಿ ವಹಿಸಿಕೊಂಡ ಮೇಲೆ ಇರಬೇಕು.”

ಆರನೆಯ ಕೋಣೆಯಲ್ಲಿ ಮಣೆ ಕಿಟಕಿಗೆ ಬೆನ್ನು ಹಾಕಿತ್ತು. ತ್ರಿಯಂಬಕ ಕೂತ. ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿ ಪುಟ್ಟ ಪುಟ್ಟ ಚಾಪೆಗಳು. ಒಂದು ಹಲಗೆಯ ಮೇಲೆ ಅಳಿಸಿ, ಮತ್ತೆ ಅಳಿಸಿ, ತಿದ್ದಿದ ಒಂದೇ ಒಂದು ಅಕ್ಷರ.

“ಇಲ್ಲಿಂದ?”

“ಮಕ್ಕಳು ಕೂರುವ ಜಾಗ. ನನ್ನ ಬಾಗಿಲು ಕಾಣುವುದಿಲ್ಲ.”

ಅವನು ಆ ಹಲಗೆಯನ್ನು ಎತ್ತಿ ನೋಡಿ, ಇದ್ದಲ್ಲೇ ಇಟ್ಟ.

“ನಾಳೆ ದಾಕ್ಷಾಯಣಮ್ಮನಿಗೆ ಏನಂತ ಹೇಳಲಿ, ಗುರುಗಳೇ?”

“ಆಕೆಗೇನೂ ಹೇಳಬೇಡ. ಇಲ್ಲಿ ಕೂತು ಕಂಡದ್ದನ್ನು ಆ ಐವರಿಗೆ ಹೇಳು,” ಎಂದರು ಗುರುಗಳು. “ಹೋಗುವಾಗ ಪಾದುಕೆ ಮೆಟ್ಟಿಕೊಂಡು ಹೋಗು.”