ಅಂಬಿಗನ ಮಗಳು ಮತ್ತು ದೋಣಿಯ ಗಂಟು

"ಗುರುಗಳೇ, ಒಂದು ಮಗು ನನ್ನ ಬಳಿ ಇದ್ದಷ್ಟು ದಿನ ನಗುತ್ತದೆ, ಉಣ್ಣುತ್ತದೆ, ಚೆನ್ನಾಗಿ ನಿದ್ದೆ ಮಾಡುತ್ತದೆ. ಮನೆಗೆ ಹೋದ ಹತ್ತೇ ದಿನಕ್ಕೆ ಮತ್ತೆ ಮೊದಲಿನಂತಾಗುತ್ತದೆ. ಎರಡು ಸಲ ಹೀಗಾಯಿತು. ನನ್ನ ಚಿಕಿತ್ಸೆಯಲ್ಲಿ ಏನು ಕೊರತೆ?"

ಹೀಗೆ ಕೇಳಿದವನು ಮಕ್ಕಳ ಮನಸ್ಸಿನ ಕಾಯಿಲೆಗಳಿಗೆ ಚಿಕಿತ್ಸೆ ಮಾಡುವುದನ್ನು ಕಲಿಯುತ್ತಿದ್ದ ಒಬ್ಬ ಶಿಷ್ಯ. ಗುರು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಹೊಳೆಯ ದಂಡೆಯಲ್ಲಿ ಒಬ್ಬ ಅಂಬಿಗನಿದ್ದ. ಮನೆಯಲ್ಲಿ ಅವನ ಹೆಂಡತಿ, ಅವನ ತಾಯಿ, ಹೊನ್ನಿ ಎಂಬ ಒಬ್ಬಳೇ ಮಗಳು. ಹೊನ್ನಿಗೆ ಹನ್ನೆರಡು ವರ್ಷ. ಹೊಳೆ ಅವಳಿಗೆ ಮನೆಯ ಅಂಗಳವಿದ್ದಂತೆ. ಮಗಳನ್ನು ಕಂಡರೆ ಅಂಬಿಗನಿಗೆ ಎಲ್ಲಿಲ್ಲದ ಹೆಮ್ಮೆ.

ಒಂದು ಮಳೆಗಾಲದಲ್ಲಿ ಮೇಲಿನ ಊರಿನ ದೋಣಿಯೊಂದು ಹಗ್ಗ ಕಳಚಿಕೊಂಡು ತೇಲಿ ಬಂತು. ಅದರಲ್ಲಿದ್ದ ಇಬ್ಬರು ಕಣ್ಣೆದುರೇ ನೀರುಪಾಲಾದರು. ದಂಡೆಯಲ್ಲಿ ನಿಂತಿದ್ದ ಅಂಬಿಗ, "ಒಂದು ಗಂಟು ಸಡಿಲವಾಗಿದ್ದಕ್ಕೆ ಎರಡು ಮನೆ ಮುಳುಗಿದವು" ಎಂದ. ಪಕ್ಕದಲ್ಲಿ ಹೊನ್ನಿ ನಿಂತಿದ್ದಳು.

ಅಂದು ಸಂಜೆ ಹೊನ್ನಿ ದಂಡೆಗೆ ಹೋಗಿ ತಮ್ಮ ದೋಣಿಗೆ ಅಪ್ಪ ಕಟ್ಟಿದ ಗಂಟನ್ನು ಮುಟ್ಟಿ ನೋಡಿ ಬಂದಳು. ಮರುದಿನ ಎರಡು ಸಲ ಹೋದಳು. ತಿಂಗಳು ಕಳೆಯುವುದರಲ್ಲಿ ಎಷ್ಟು ಸಲ ಹೋಗುತ್ತಾಳೆಂದು ಎಣಿಸುವುದನ್ನೇ ಮನೆಯವರು ಬಿಟ್ಟರು. ಗಂಟು ಭದ್ರವಾಗಿದೆ ಎಂದು ಅವಳ ಕಣ್ಣಿಗೆ ಗೊತ್ತಾಗುತ್ತಿತ್ತು. ನಾಲ್ಕು ಹೆಜ್ಜೆ ನಡೆದರೆ ಮನಸ್ಸು ನಂಬುತ್ತಿರಲಿಲ್ಲ. ಹಗ್ಗ ತಿಕ್ಕಿ ತಿಕ್ಕಿ ಬೆರಳಿನ ಸಿಪ್ಪೆ ಎದ್ದಿತು. ಊಟ ಅರ್ಧಕ್ಕೇ ನಿಂತಿತು.

ಮನೆಯವರು ಸುಮ್ಮನೆ ಕೂರಲಿಲ್ಲ. ತಾಯಿ ತುತ್ತಿಗೊಂದು ಆಣೆಯಿಟ್ಟು, "ಗಂಟು ಗಟ್ಟಿಯಾಗಿದೆ" ಎನ್ನುತ್ತಿದ್ದಳು. ಅಂಬಿಗ ಮಗಳ ಬದಲು ತಾನೇ ಓಡಿ ಹೋಗಿ ನೋಡಿ ಬರುತ್ತಿದ್ದ. ಒಂದು ದಿನ ಬೇಸತ್ತು ಗದರಿದ, ಇನ್ನೊಂದು ದಿನ ಅದಕ್ಕಾಗಿ ತಾನೇ ಅತ್ತ. ನೆಂಟರು ತಾಯತ ಕಟ್ಟಿಸಿದರು. ಒಬ್ಬರು, "ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ" ಎಂದರು. ಅಂಬಿಗ ಅವರನ್ನು ಬಾಗಿಲಿನಿಂದಲೇ ಕಳಿಸಿದ.

ಒಂದು ಮಧ್ಯಾಹ್ನ ಜೋರು ಮಳೆ ಬಂದು ಹೊಳೆ ಉಕ್ಕಿತು. ಹೊನ್ನಿ ಗಂಟು ನೋಡಲು ಇಳಿದಳು. ಕಾಲು ಜಾರಿತು. ಅಂಬಿಗ ಹಿಂದೆಯೇ ಧುಮುಕಿ, ಜಡೆ ಹಿಡಿದು ಎಳೆದು ತಂದ. ಎಚ್ಚರವಾದೊಡನೆ ಅವಳು ಕೇಳಿದ್ದು ಒಂದೇ ಮಾತು.

"ಅಪ್ಪಾ, ದೋಣಿ ಕಟ್ಟಿದೆಯಾ?"

ಮರುದಿನವೇ ಅಂಬಿಗ ಮಗಳನ್ನು ಕರೆದುಕೊಂಡು ಎರಡು ಹರದಾರಿ ದೂರದ ಊರಿನ ವೈದ್ಯೆಯ ಬಳಿ ಹೋದ. ಆಕೆ ಮಕ್ಕಳ ಮನಸ್ಸನ್ನು ಬಲ್ಲವಳು ಎಂದು ಯಾರೋ ಹೇಳಿದ್ದರು.

ವೈದ್ಯೆ ಹೊನ್ನಿಯ ಮಾತನ್ನೆಲ್ಲ ಕೇಳಿದಳು. ಒಂದು ಸಲವೂ "ಹೆದರಬೇಡ" ಎನ್ನಲಿಲ್ಲ. ಕೊನೆಗೆ ಅಂಬಿಗನಿಗೆ, "ಮುಂದಿನ ವಾರ ಮನೆಯವರೆಲ್ಲ ಬನ್ನಿ" ಎಂದಳು.

"ಕಾಯಿಲೆ ಮಗುವಿಗೆ. ನಾವೆಲ್ಲ ಯಾಕೆ?" ಎಂದು ಅಂಬಿಗ ಸಿಡುಕಿದ.

"ಅವಳು ದಿನವೂ ಯಾರನ್ನು ಕೇಳುತ್ತಾಳೋ ಅವರು ನನಗೆ ಬೇಕು" ಎಂದಳು ವೈದ್ಯೆ.

ಅಂಬಿಗನಿಗೆ ಅವಮಾನವಾದಂತಾಯಿತು. ಆದರೂ ಎಲ್ಲರನ್ನೂ ಕರೆತಂದ. ವೈದ್ಯೆ ಅವರನ್ನು ಸುತ್ತ ಕೂರಿಸಿಕೊಂಡು ಹೇಳಿದಳು: "ಗಂಟನ್ನು ಒಂದು ಸಲ ನೋಡುವುದು ಅಂಬಿಗರ ಎಚ್ಚರ. ಎರಡನೆಯ ಸಲ ನೋಡಿಸುವುದು ಭಯ. ಭಯ ಕೇಳಿದಾಗಲೆಲ್ಲ ನೀವು ಉತ್ತರ ಕೊಡುತ್ತಿದ್ದೀರಿ. ಅದಕ್ಕೇ ಅದು ಮತ್ತೆ ಮತ್ತೆ ಕೇಳುತ್ತಿದೆ. ಇನ್ನು ಮೇಲೆ ಮಗುವನ್ನು ಗದರಬೇಡಿ, ಉತ್ತರವನ್ನೂ ಕೊಡಬೇಡಿ. ಅವಳ ಪಕ್ಕದಲ್ಲಿ ಕೂತಿರಿ. ಭಯ ಏರುತ್ತದೆ. ಏರಿದ್ದು ಇಳಿಯುತ್ತದೆ. ಇಳಿಯುವುದನ್ನು ಅವಳು ತಾನೇ ಕಾಣಲಿ."

ಆಮೇಲೆ ಹೊನ್ನಿಯ ಕಡೆ ತಿರುಗಿ, "ಮೊದಲ ದಿನ ಎಷ್ಟು ಹೊತ್ತು ತಡೆಯುತ್ತೀ? ನೀನೇ ಹೇಳು" ಎಂದಳು. ಹೊನ್ನಿ, "ಒಂದು ಚೊಂಬು ನೀರು ಕಾಯುವಷ್ಟು" ಎಂದಳು.

ಮನೆಗೆ ಬಂದ ಮೇಲೆ ಆ ಒಂದು ಚೊಂಬು ನೀರು ಕಾಯುವಷ್ಟು ಹೊತ್ತು ಅಂಬಿಗನಿಗೆ ಒಂದು ಯುಗವಾಯಿತು. ಹೊನ್ನಿ ನಡುಗಿದಳು, ಬೆವರಿದಳು, ಅಪ್ಪನ ತೋಳಿಗೆ ಉಗುರು ಊರಿದಳು. "ಒಂದೇ ಒಂದು ಸಲ ಹೇಳಪ್ಪ" ಎಂದು ಗೋಗರೆದಳು. ಉತ್ತರ ಅವನ ನಾಲಿಗೆಯ ತುದಿಗೆ ಬಂದಿತ್ತು. ಅವನು ತುಟಿ ಕಚ್ಚಿಕೊಂಡು ಕೂತ. ಒಲೆಯ ಮೇಲೆ ನೀರು ಸದ್ದು ಮಾಡತೊಡಗಿತು. ಹೊನ್ನಿ ತಲೆಯೆತ್ತಿ ನೋಡಿದಳು. ನೀರು ಕಾದಿತ್ತು, ಅವಳು ಇನ್ನೂ ಕೂತಲ್ಲೇ ಇದ್ದಳು!

"ಅಪ್ಪಾ, ತಡೆದೆ!" ಎಂದು ಕೂಗಿದಳು. ತಾಯಿ ಕೈಯಲ್ಲಿದ್ದ ಸೌಟನ್ನು ಬಿಟ್ಟು ಬಂದು ಮಗಳನ್ನು ಎತ್ತಿಕೊಂಡಳು.

ಅಲ್ಲಿಂದ ಮನೆಗೆ ಹೊಸ ಹುರುಪು ಬಂತು. ನೀರು ಕಾಯುವಷ್ಟು ಹೊತ್ತು ಹೋಗಿ ಅನ್ನ ಬೇಯುವಷ್ಟಾಯಿತು. ಬೇಳೆ ಬೇಯುವವರೆಗೆ ತಡೆದ ದಿನ ಹೊನ್ನಿ ಬೀದಿಯುದ್ದಕ್ಕೂ ಓಡಿ ಎಲ್ಲರಿಗೂ ಹೇಳಿ ಬಂದಳು. ಹೊಳೆಗೆ ನೀರಿಗೆ ಹೋಗುವ ಹೆಂಗಸರು, "ಇವತ್ತು ಏನು ಬೇಯಿಸಿದೆ ಹೊನ್ನಿ?" ಎಂದು ನಗುತ್ತ ಕೇಳುವಂತಾಯಿತು.

ಮೂರನೆಯ ವಾರ ಎಲ್ಲ ತಲೆಕೆಳಗಾಯಿತು. ಹೊನ್ನಿ ಒಂದೇ ಸಂಜೆಯಲ್ಲಿ ಮೂವತ್ತು ಸಲ ದಂಡೆಗೆ ಓಡಿದಳು. ಅಂಬಿಗ ವಿಚಾರಿಸಿದಾಗ ತಿಳಿಯಿತು, ಅಜ್ಜಿ ಯಾರಿಗೂ ಗೊತ್ತಾಗದಂತೆ ಮೊಮ್ಮಗಳ ಕಿವಿಯಲ್ಲಿ "ಕಟ್ಟಿದೆ ಮಗಾ, ನಾನು ನೋಡಿ ಬಂದೆ" ಎನ್ನುತ್ತಿದ್ದಳು. ಅಂಬಿಗ ಕೆಂಡವಾದ. ತಾಯಿಯನ್ನು ವೈದ್ಯೆಯ ಮುಂದೆ ಕೂರಿಸಿ, "ನಮ್ಮ ಕಷ್ಟವನ್ನೆಲ್ಲ ಇವಳು ನೀರಿನಲ್ಲಿ ಹೋಮ ಮಾಡಿದಳು" ಎಂದ.

ವೈದ್ಯೆ ಮುದುಕಿಯ ಕೈ ಹಿಡಿದು, "ಮಗು ಅತ್ತಾಗ ನಿಮಗೆ ಏನಾಗುತ್ತದಮ್ಮ?" ಎಂದು ಕೇಳಿದಳು.

ಮುದುಕಿ ಮಗನ ಮುಖ ನೋಡಿದಳು. "ನಿನಗೆ ಒಬ್ಬ ಅಕ್ಕ ಇದ್ದಳು ಕಣೋ. ನಾಲ್ಕು ವರ್ಷದವಳು. ದಂಡೆಯಲ್ಲಿ ಬಟ್ಟೆ ಹಿಂಡುತ್ತಿದ್ದೆ. ತಿರುಗಿ ನೋಡಿದರೆ ಇರಲಿಲ್ಲ" ಎಂದಳು.

ಅಂಬಿಗನಿಗೆ ಆಗ ನಲವತ್ತು ವರ್ಷ. ಆ ಮಾತನ್ನು ಅವನು ಕೇಳಿದ್ದು ಅದೇ ಮೊದಲು. ಅವನ ಚಿಕ್ಕಂದಿನಿಂದಲೂ ತಾಯಿ ದಿನಾ ಸಂಜೆ ಮೂರು ಸಲ, "ಎಲ್ಲರೂ ಒಳಗೆ ಬಂದಿರಾ?" ಎಂದು ಕೇಳುತ್ತಿದ್ದಳು. ಅದು ಮನೆಯ ಪದ್ಧತಿ ಎಂದುಕೊಂಡಿದ್ದ. ಅವನ ಸಿಟ್ಟು ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ. ಹೊನ್ನಿ ಎದ್ದು ಹೋಗಿ ಅಜ್ಜಿಯ ಮಡಿಲಲ್ಲಿ ಕೂತಳು.

ವೈದ್ಯೆ, "ಇನ್ನು ಮೇಲೆ ಭಯವಾದಾಗ ಇಬ್ಬರೂ ಹೀಗೇ ಕೂತುಕೊಳ್ಳಿ. 'ನನಗೂ ಭಯವಾಗುತ್ತಿದೆ' ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳಿ. ಅಷ್ಟು ಸಾಕು" ಎಂದಳು.

ಅಜ್ಜಿ ಮೊಮ್ಮಗಳು ಜೊತೆಗೂಡಿದ ಮೇಲೆ ಹಿಡಿಯುವವರೇ ಇರಲಿಲ್ಲ. ಒಬ್ಬಳು ಸೋತರೆ ಇನ್ನೊಬ್ಬಳು ಕೈ ಹಿಡಿಯುತ್ತಿದ್ದಳು. ಸಂಜೆ ಒಂದೇ ಸಲ ಗಂಟು ನೋಡಿ ಮಲಗುವ ದಿನಗಳು ಬಂದವು. ಬೆರಳಿನ ಗಾಯ ಮಾಯ್ದಿತು. ಹೊನ್ನಿ ಎರಡನೆಯ ಸಲ ಅನ್ನ ಹಾಕಿಸಿಕೊಂಡಳು.

ಮತ್ತೆ ಮಳೆಗಾಲ ಬಂತು. ಹೊಳೆಗೆ ಹೊಸನೀರು ಇಳಿದ ದಿನ ಬೆಳಿಗ್ಗೆ ಆಚೆ ದಂಡೆಯಿಂದ ಕೂಗು ಕೇಳಿಸಿತು. ಒಬ್ಬ ಬಸುರಿಗೆ ನೋವು ಶುರುವಾಗಿತ್ತು, ಸೂಲಗಿತ್ತಿ ಇದ್ದದ್ದು ಈಚೆ ಊರಿನಲ್ಲಿ. ನೀರು ಏರುತ್ತಿತ್ತು, ಸೂಲಗಿತ್ತಿಗೆ ಆಚೆಯ ದಿಣ್ಣೆ ಹತ್ತಲಾಗದಷ್ಟು ವಯಸ್ಸು. ಬಸುರಿಯನ್ನೇ ಕರೆತರಬೇಕು. ಅಂಬಿಗ ಹುಟ್ಟು ಎತ್ತಿಕೊಂಡ. ಹಿಂದೆ ಹೆಜ್ಜೆ ಸದ್ದಾಯಿತು. ಇನ್ನೊಂದು ಹುಟ್ಟು ಹಿಡಿದು ಹೊನ್ನಿ ದೋಣಿ ಹತ್ತಿದಳು. ಅಂಬಿಗ ಬೇಡ ಎನ್ನಲು ಹೋಗಿ, ಮಗಳ ಮುಖ ನೋಡಿ ದೋಣಿ ನೂಕಿದ.

ಇಬ್ಬರೂ ಆಚೆ ದಂಡೆ ಮುಟ್ಟಿದರು. ಅಂಬಿಗ ಗೂಟಕ್ಕೆ ಹಗ್ಗ ಬಿಗಿದ. ಹೊನ್ನಿ ಒಂದು ಸಲ ಮುಟ್ಟಿ ನೋಡಿದಳು. ಬಸುರಿಯ ಮನೆ ದಿಣ್ಣೆಯ ಮೇಲಿತ್ತು, ಅಲ್ಲಿಂದ ದೋಣಿ ಕಾಣುತ್ತಿರಲಿಲ್ಲ. ಹೊನ್ನಿ ದಿಣ್ಣೆ ಹತ್ತತೊಡಗಿದಳು. ಅವಳ ಉಸಿರು ಜೋರಾಗಿತ್ತು, ಹೆಜ್ಜೆ ನಿಲ್ಲಲಿಲ್ಲ. ಅರ್ಧ ದಾರಿಯಲ್ಲಿ ನಿಂತವನು ಅಂಬಿಗ. ಕೆಳಗೆ ಹೊಳೆ ಮೊರೆಯುತ್ತಿತ್ತು.

"ಇರು ಮಗಳೇ, ಓಡಿ ಹೋಗಿ ಇನ್ನೊಂದು ಸಲ ನೋಡಿ ಬಂದುಬಿಡುತ್ತೇನೆ."

ಹೊನ್ನಿ ಹಿಂತಿರುಗಿ ಬಂದು ಅಪ್ಪನ ಕೈ ಹಿಡಿದಳು. "ನನಗೂ ಭಯವಾಗುತ್ತಿದೆ ಅಪ್ಪ. ಬಾ, ಹತ್ತೋಣ."

ಅಂಬಿಗ ಹತ್ತಿದ. ಮಗಳು ಎಳೆದತ್ತ ಹೆಜ್ಜೆ ಹಾಕಿದ. ಬಸುರಿಯನ್ನು ಕಂಬಳಿಯಲ್ಲಿ ಹೊತ್ತು ಆ ಊರಿನ ನಾಲ್ಕು ಜನ ಕೆಳಗಿಳಿದರು. ದೋಣಿ ಕಟ್ಟಿದಲ್ಲೇ ಇತ್ತು. ಹೊನ್ನಿ ಆಗಲೇ ದೋಣಿಯ ಮುಂದಿನ ತುದಿಯಲ್ಲಿ ನಿಂತು ಸುಳಿ ಎಲ್ಲಿದೆಯೆಂದು ನೋಡುತ್ತಿದ್ದಳು. "ಎಡಕ್ಕೆ ಅಪ್ಪ! ಇನ್ನೂ ಎಡಕ್ಕೆ!" ಎಂದು ಅವಳು ಕೂಗಿದಂತೆಲ್ಲ ಅಂಬಿಗ ಹುಟ್ಟು ಹಾಕಿದ. ಈಚೆ ದಂಡೆಯಲ್ಲಿ ಊರಿಗೆ ಊರೇ ನೆರೆದಿತ್ತು. ದೋಣಿ ಮುಟ್ಟಿದಾಗ ಅಜ್ಜಿ ಮೊಣಕಾಲುದ್ದ ನೀರಿಗೆ ಇಳಿದು ಬಂದು ಹಗ್ಗ ಹಿಡಿದಳು. ಹೊತ್ತು ನೆತ್ತಿಗೇರುವ ಮೊದಲೇ ಅಂಬಿಗನ ಮನೆಯ ನಡುಮನೆಯಲ್ಲಿ ಹೊಸ ಕೂಸಿನ ಅಳು ಕೇಳಿಸಿತು.

ಆಮೇಲೂ ಹೊನ್ನಿಗೆ ಒಮ್ಮೊಮ್ಮೆ ಭಯ ಬರುತ್ತಿತ್ತು. ಬಂದಾಗ ಆ ಮನೆಯಲ್ಲಿ ಯಾರೂ ಗಾಬರಿಯಾಗುತ್ತಿರಲಿಲ್ಲ.

ಕತೆ ಕೇಳಿದ ಶಿಷ್ಯ ಹಿಗ್ಗಿ ಎದ್ದು ನಿಂತ. "ತಿಳಿಯಿತು ಗುರುಗಳೇ! ಆ ಮಗುವನ್ನು ನಾಳೆಯೇ ಮತ್ತೆ ಕರೆಸಿ, ಇದೇ ಚಿಕಿತ್ಸೆ ಕೊಡುತ್ತೇನೆ" ಎಂದ.

ಗುರು ಕೇಳಿದರು: "ಆ ಮಗುವಿನ ಮನೆಯಲ್ಲಿ ಯಾರು ಯಾರಿದ್ದಾರೆ?"

"ಅದನ್ನು ನಾನು ಕೇಳಿಯೇ ಇಲ್ಲ" ಎಂದು ಶಿಷ್ಯ ಮತ್ತೆ ಕೂತ.