ಹೊಗೆತಮ್ಮನನ್ನು ಗಾಳಿಯಕ್ಕ ಎತ್ತಿಕೊಳ್ಳದ ಬೆಳಗು

ಕಿಟಕಿ ಮುಚ್ಚು, ಇಂಚರಾ. ಇನ್‌ಹೇಲರ್ ಕೈಗೆ ಸಿಗುವ ಹಾಗೆ ಇಟ್ಟುಕೋ. ಎದುರು ಮನೆಯವರು ಇವತ್ತೂ ಕಸಕ್ಕೆ ಬೆಂಕಿ ಇಟ್ಟಿದ್ದಾರೆ. ನನಗೆ ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿದೆ. ಹೊಗೆ ಮೇಲಕ್ಕೆ ಹೋಗದೆ ನಮ್ಮ ಮನೆಗೇ ಯಾಕೆ ಬರುತ್ತದೆ ಎಂದು ಕೇಳಿದೆಯಲ್ಲ, ಹೇಳುತ್ತೇನೆ. ಇದು ಸಿಹಿ ಕತೆಯಲ್ಲ.

ಲೋಕ ಆಗಷ್ಟೇ ಕಣ್ಣು ಬಿಟ್ಟಿತ್ತು. ಹೊಳೆಗೆ ಇನ್ನೂ ದಾರಿ ಗೊತ್ತಿರಲಿಲ್ಲ, ಬೆಟ್ಟಗಳಿಗೆ ಹೆಸರಿರಲಿಲ್ಲ. ಆಗ ಗಾಳಿ ಅಕ್ಕ, ಹೊಗೆ ತಮ್ಮ. ತಮ್ಮನಿಗೆ ನಡೆಯಲು ಬರುತ್ತಿರಲಿಲ್ಲ. ಎಲ್ಲಿ ಒಲೆ ಹೊತ್ತಿದರೂ ಕಣ್ಣುಜ್ಜಿಕೊಂಡು ಎದ್ದು, "ಅಕ್ಕಾ, ಎತ್ಕೋ" ಎನ್ನುತ್ತಿದ್ದ. ಅಕ್ಕ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೆಟ್ಟದಾಚೆ ಕರೆದೊಯ್ದು, ಮೋಡಗಳ ಜೊತೆ ಆಡಲು ಬಿಡುತ್ತಿದ್ದಳು.

ಗಾಳಿ ಮನುಷ್ಯರನ್ನು ಕೇಳಿಕೊಂಡದ್ದು ಒಂದೇ ಮಾತು. "ಚಳಿಗಾಲದ ಬೆಳಗಿನ ಜಾವ ನನಗೆ ಗಾಢ ನಿದ್ದೆ. ಹೊತ್ತೇರೋ ತನಕ ಏಳಲಾರೆ. ಅಡುಗೆ ಒಲೆ ಹಚ್ಕೊಳ್ಳಿ, ಬೇಡ ಅನ್ನಲ್ಲ. ಸುಮ್ಮಸುಮ್ಮನೆ ನನ್ನ ತಮ್ಮನ್ನ ಎಬ್ಬಿಸಬೇಡಿ."

"ಆಗಲಿ ತಾಯಿ" ಎಂದರು ಎಲ್ಲರೂ. ಆಗಲಿ ಅನ್ನುವುದರಲ್ಲಿ ಮನುಷ್ಯರು ಬಹಳ ಜಾಣರು.

ಒಂದು ಬೀದಿಯಲ್ಲಿ ಹಾಲಪ್ಪ, ನಿಂಗಮ್ಮ ಅಂತ ಅಕ್ಕಪಕ್ಕದ ಮನೆಯವರಿದ್ದರು. ಎರಡು ಮನೆಗಳ ನಡುವೆ ಒಂದು ಹೊಂಗೆಮರ. ಧನುರ್ಮಾಸ ಬಂತೆಂದರೆ ಯಾರು ಮೊದಲು ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕುತ್ತಾರೋ ಅವರದೇ ಹೆಚ್ಚುಗಾರಿಕೆ. ಹಾಲಪ್ಪ ಕತ್ತಲಲ್ಲೇ ಎದ್ದು ತರಗೆಲೆ, ಚಿಂದಿ, ಸವೆದ ಮೆಟ್ಟು ಎಲ್ಲವನ್ನೂ ಗುಡಿಸಿ, ನಿಂಗಮ್ಮನ ಗೋಡೆಯ ಕಡೆ ತಳ್ಳಿ ಬೆಂಕಿ ಇಡುತ್ತಿದ್ದ. ನಿಂಗಮ್ಮ ಏನು ಕಡಿಮೆಯೇ? ತನ್ನ ಕಸವನ್ನು ಹಾಲಪ್ಪನ ಗೋಡೆಯ ಕಡೆ ತಳ್ಳಿ ಬೆಂಕಿ ಇಡುತ್ತಿದ್ದಳು. ಇಬ್ಬರ ಅಂಗಳವೂ ಥಳಥಳ!

"ನಾನು ಉದುರಿಸೋ ಎಲೆ ನನ್ನ ಊಟ ಕಣ್ರಪ್ಪಾ, ನನ್ನ ಬುಡಕ್ಕೇ ಹಾಕಿ" ಎಂದಿತು ಹೊಂಗೆಮರ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೊಗೆತಮ್ಮ ಎದ್ದ. "ಅಕ್ಕಾ" ಎಂದ. ಅಕ್ಕ ಏಳಲಿಲ್ಲ. ಚಳಿಗೆ ನಡುಗುತ್ತಾ ನೆಲದ ಮೇಲೆ ತೆವಳಿದ. ಎಲ್ಲಿ ಬೆಚ್ಚಗಿದೆಯೋ ಅಲ್ಲಿಗೆ ನುಗ್ಗಿದ. ಹಾಲಪ್ಪನ ಮನೆಯಲ್ಲಿ ತೊಟ್ಟಿಲಿತ್ತು, ತೊಟ್ಟಿಲಲ್ಲಿ ಮೊಮ್ಮಗಳಿದ್ದಳು. ಕೂಸಿನ ಎದೆಗಿಂತ ಬೆಚ್ಚಗಿನ ಜಾಗ ಇನ್ನೆಲ್ಲಿದೆ? ಅಲ್ಲೇ ಹೊಕ್ಕು ಕೂತ.

ಕೂಸಿನ ಉಸಿರು ಸುಯ್ ಸುಯ್ ಎಂದಿತು. ನಿನ್ನದು ಅನ್ನುತ್ತದಲ್ಲ, ಹಾಗೆಯೇ.

ಹಾಲಪ್ಪ ಗಾಳಿ ಮಲಗಿದ್ದ ಬೆಟ್ಟ ಹತ್ತಿ ಓಡಿದ. "ಏಳಮ್ಮಾ ಗಾಳಿ! ನಿನ್ನ ತಮ್ಮ ನನ್ನ ಕೂಸಿನ ಜೀವ ತೆಗೀತಿದಾನೆ, ಕರ್ಕೊಂಡು ಹೋಗು!"

ಗಾಳಿ ಕಣ್ಣು ಬಿಟ್ಟಳು. ಕಣ್ಣೆರಡೂ ಕೆಂಡ. "ನಿನ್ನ ಅನ್ನದ ಒಲೆ ಹೊಗೆ ಹೊತ್ತೆ. ಆಲೆಮನೆ ಹೊಗೆ ಹೊತ್ತೆ. ನಿಮ್ಮಪ್ಪನ ಚಿತೆ ಹೊಗೇನೂ ಹೊತ್ತೆ. ಒಂದು ದಿನಾನಾದ್ರೂ ಬೇಜಾರು ಮಾಡ್ಕೊಂಡ್ನಾ? ಈಗ ನನ್ನ ತಮ್ಮನಿಗೆ ಚಿಂದಿ ತಿನ್ಸಿದೀಯ, ಮೆಟ್ಟು ತಿನ್ಸಿದೀಯ. ಎತ್ಕೊಂಡ್ರೆ ನನ್ನ ಸೊಂಟ ಸುಡುತ್ತೆ! ಇನ್ಮೇಲೆ ಚಳಿಗಾಲದ ಬೆಳಗ್ಗೆ ಯಾರು ಎಷ್ಟು ಕೂಗಿದ್ರೂ ಬರಲ್ಲ. ಎಬ್ಬಿಸಿದವರೇ ಎತ್ತಿ ಆಡಿಸ್ಕೊಳ್ಳಿ!"

ಹಾಲಪ್ಪ ಇಳಿದು ಬಂದವನೇ ನಿಂಗಮ್ಮನ ಬಾಗಿಲಿಗೆ ಹೋದ. "ನಿನ್ನ ಹೊಗೆಯಿಂದ ನನ್ನ ಕೂಸು ಸಾಯ್ತಿದೆ!"

"ನಿನ್ನ ಹೊಗೆಯಿಂದ ನಮ್ಮತ್ತೆ ಹಾಸಿಗೆ ಹಿಡಿದಿದಾರೆ, ಅದು ಕಾಣ್ಲಿಲ್ವಾ ನಿಂಗೆ?"

ಇಬ್ಬರೂ ಬಾಯಿಗೆ ಬಂದಂತೆ ಬೈದಾಡಿದರು. ಬೈದಾಡುತ್ತಿರುವಾಗಲೇ ತೊಟ್ಟಿಲ ಕಡೆಯಿಂದ ಬರುತ್ತಿದ್ದ ಸುಯ್ ಸುಯ್ ಸದ್ದು ನಿಂತುಹೋಯಿತು.

ನಿಂಗಮ್ಮ ರಂಗೋಲಿಗೆಂದು ಇಟ್ಟಿದ್ದ ಬಿಂದಿಗೆ ನೀರನ್ನು ಎರಡು ಬೆಂಕಿಗೂ ಸುರಿದಳು. ಹಾಲಪ್ಪ ಕೂಸನ್ನು ಎದೆಗೊತ್ತಿಕೊಂಡು ಮತ್ತೆ ಬೆಟ್ಟಕ್ಕೆ ಓಡಿದ. ಗಾಳಿ ಏಳಲಿಲ್ಲ. ಮಲಗಿದ್ದಲ್ಲೇ ಕೂಸಿನ ಮೂಗಿಗೆ ಒಂದು ಉಸಿರು ಊದಿದಳು. ಕೂಸಿನ ಮೇಲೆ ಅವಳಿಗೇನು ಸಿಟ್ಟು? ಕೂಸು ಬದುಕಿತು. ಎದೆಯ ಸುಯ್ ಮಾತ್ರ ಕೊನೆಯ ತನಕ ಹೋಗಲಿಲ್ಲ.

ಅಂದೇ ಹಾಲಪ್ಪ, ನಿಂಗಮ್ಮ ಸೇರಿ ಹೊಂಗೆಮರದ ಪಕ್ಕ ಗುಂಡಿ ತೋಡಿ ಎಲೆಯೆಲ್ಲ ಅದಕ್ಕೆ ಹಾಕಿದರು. ಬೀದಿಯ ಮಿಕ್ಕವರು ಏನು ಮಾಡಿದರು ಗೊತ್ತೇ? ನಕ್ಕರು. "ನಮ್ಮನೆ ಕೂಸಿಗೇನೂ ಆಗಿಲ್ವಲ್ಲ" ಎಂದು ಮರುದಿನವೂ ಬೆಂಕಿ ಇಟ್ಟರು. ಆ ನಗು ನೆನೆಸಿಕೊಂಡರೆ ನನಗೆ ಹಲ್ಲು ಕಡಿಯುವಂತಾಗುತ್ತದೆ. ಆ ನಗು ಇನ್ನೂ ಮುಗಿದಿಲ್ಲ, ಕಂದಾ, ಎದುರು ಮನೆಯ ತನಕ ಬಂದಿದೆ.

ಸಾಕು, ಕತೆ ಹೇಳುತ್ತಾ ಕೂತರೆ ಬೆಂಕಿ ಆರುವುದಿಲ್ಲ. ಆ ಬಿಂದಿಗೆ ಕೊಡು. ನೀರು ನಾನು ಸುರಿಯುತ್ತೇನೆ, ಅವರ ಬಾಗಿಲೂ ನಾನೇ ಬಡಿಯುತ್ತೇನೆ. ನಮ್ಮ ಹಿತ್ತಲಲ್ಲಿ ಗುಂಡಿಗೆ ಜಾಗವಿದೆ, ಅವರ ಎಲೆಯನ್ನೂ ತಂದು ಸುರಿಯಲಿ. ಹೊಗೆ ಅಡಗಿದ ಮೇಲೆ ನಿನ್ನನ್ನು ಕರೆಯುತ್ತೇನೆ. ಬಂದು ಅವರ ಹೊಸ್ತಿಲ ಮುಂದೆ ನಿಂತು ಸುಮ್ಮನೆ ಉಸಿರಾಡು. ನಿನ್ನ ಎದೆಯ ಸುಯ್ ಅವರ ಕಿವಿಗೂ ಬೀಳಲಿ.

ಅಲ್ಲಿಯ ತನಕ ಕಿಟಕಿಯ ಗಾಜಿನಿಂದ ನೋಡುತ್ತಿರು: ಚಳಿಗಾಲದ ಬೆಳಗ್ಗೆ ಮೇಲೇರದೆ ಬೀದಿ ತುಂಬ ನೆಲಕ್ಕಂಟಿ ತೆವಳುವ ಆ ಬೂದು ಹೊಗೆ, ಬಾರದ ಅಕ್ಕನನ್ನು ಕೂಗುತ್ತಾ ಇವತ್ತಿಗೂ ಬೆಚ್ಚಗಿನ ಎದೆಯೊಂದನ್ನು ಹುಡುಕುತ್ತಿರುವ ಆ ತಮ್ಮನೇ.