ತುದೀಲಿರೋ ತೆಳ್ಳನೆ ದಾರ

"ಯಾವ ಗಾಳ ತಗೋಬೇಕು ಅಂತ, ತಗೊಂಡಾದ್ಮೇಲೆ ಬಂದು ಕೇಳ್ತಿದ್ದೀಯಲ್ಲಪ್ಪ, ನಾನೇನಂತ ಹೇಳ್ಲಿ? ತಾಳಿ ಕಟ್ಟಿ ಬಂದು ಜಾತಕ ತೋರಿಸ್ದಂಗಾಯ್ತು. ಹೋಗ್ಲಿ, ಬಿಚ್ಚು. ಏನ್ ಹೊತ್ಕೊಂಡ್ ಬಂದಿದ್ದೀಯೋ ನೋಡಾನ."

ಹುಚ್ಚಯ್ಯ ಹೊಳೆದಂಡೆಯ ಮತ್ತಿಮರದ ಬೇರಿನ ಮೇಲೆ ಕೂತು ಹಿಂಗೆ ಗೊಣಗ್ತಿದ್ದ. ಗಾಳ ಹಾಕೋದು ಕಲೀಬೇಕು ಅನ್ನೋರೆಲ್ಲ ಕೊನೆಗೆ ಬಂದು ಸೇರ್ತಿದ್ದಿದ್ದು ಅವನ ಗುಡಿಸಲಿಗೇ.

ಎದುರಿಗೆ ನಿಂತಿದ್ದೋನು ಕುಳ್ಳೇಗೌಡ. ಆಳು ಆರಡಿ. ಪಕ್ಕದೂರಲ್ಲಿ ಹಿಟ್ಟಿನ ಗಿರಣಿ ಇಟ್ಕೊಂಡಿದ್ದ. ವಯಸ್ಸು ನಲವತ್ತೈದು ದಾಟಿದ್ರೂ ಹೊಳೆಗೆ ಕಾಲು ತೊಳ್ಯೋಕೆ ಬಿಟ್ರೆ ಇನ್ಯಾತಕ್ಕೂ ಇಳಿದೋನಲ್ಲ.

ಕುಳ್ಳೇಗೌಡ ಗೋಣಿ ಬಿಚ್ಚಿದ. ಒನಕೆ ಗಾತ್ರದ ಕೋಲು. ತೆಂಗಿನಕಾಯಿಯಷ್ಟು ದಪ್ಪ ರೀಲು. ಬಟ್ಟೆ ಒಣಗಾಕೋಕಾಗೋ ಅಂಥ ದಾರ. ಅದರ ತುದೀಲಿ ಮೂರು ಕೊಂಡಿಯ ಕಬ್ಬಿಣ.

ಹುಚ್ಚಯ್ಯ ಆ ಕಬ್ಬಿಣ ತಿರುಗಿಸಿ ತಿರುಗಿಸಿ ನೋಡ್ದ.

"ಇದು ಗಾಳ ಅಲ್ಲ ಕಣಪ್ಪ. ಬಾವಿಗೆ ಬಿದ್ದ ಬಿಂದಿಗೆ ಎತ್ತೋ ಪಾತಾಳಗರಡಿ. ಅಂಗಡಿಯವನು ಇದನ್ನೇ ಕೊಟ್ನಾ?"

"ನಾನೇ ಆರಿಸ್ದೆ."

"ಏನ್ ನೋಡಿ ಆರಿಸ್ದೆ?"

"ತೂಕ ನೋಡಿ. ಅರವತ್ತೈದು ಕೆಜಿ ತಡೆಯುತ್ತಂತೆ."

ಗಿರಣಿಯವನು. ಏನು ಕಂಡ್ರೂ ಮೊದಲು ತೂಕ ಕೇಳೋ ಅಭ್ಯಾಸ. ಹೆಣ್ಣು ನೋಡೋಕೆ ಹೋದಾಗ್ಲೂ ಕೇಳಿದ್ನಂತೆ.

"ಈ ಹೊಳೇಲಿ ಅಷ್ಟು ತೂಗೋ ಮೀನಿಲ್ವಲ್ಲಯ್ಯ," ಅಂದ ಹುಚ್ಚಯ್ಯ.

ಕುಳ್ಳೇಗೌಡ ಹೊಳೆ ಕಡೆ ನೋಡ್ದ.

ಅಷ್ಟು ತೂಗ್ತಿದ್ದಿದ್ದು ಅವರಪ್ಪ. ಹೋದ ಮಳೆಗಾಲದಲ್ಲಿ ಆಚೆದಡದ ನೆಂಟರ ಮನೆಯಿಂದ ಬರ್ತಾ ತೆಪ್ಪ ಮಗುಚ್ಕೊಂಡಿತ್ತು. ತೆಪ್ಪ ಸಿಕ್ತು. ಅಪ್ಪನ ಛತ್ರಿನೂ ಸಿಕ್ತು, ಮಡಿಸಿದ್ದು ಮಡಿಸ್ದಂಗೇ. ಅಪ್ಪ ಸಿಗ್ಲಿಲ್ಲ. ಮುಳುಗಿ ಮುಳುಗಿ ಹುಡುಕಿದ್ದೋನು ಇದೇ ಹುಚ್ಚಯ್ಯ.

ನೆಂಟರೆಲ್ಲ ಸೇರಿ, ಹುಲ್ಲಲ್ಲಿ ಒಂದು ಬೊಂಬೆ ಮಾಡಿ ಸುಟ್ಟು ತಿಥಿ ಮುಗಿಸ್ಬಿಡಾನ ಅಂದಿದ್ರು. ಕುಳ್ಳೇಗೌಡನ ಅವ್ವ ಚಾಪೆಯಿಂದ ಎದ್ದು ಬಂದ್ಲು.

"ಹುಲ್ಲು ಸುಟ್ಟು ನನ್ನ ಕುಂಕುಮ ಅಳಿಸ್ತೀರಾ? ಒಂದು ಮೂಳೆ ತಂದ್ಕೊಡಿ. ನಾನೇ ಅಳಿಸ್ಕೋತೀನಿ."

ಆವತ್ತಿಂದ ಆಕೆ ಜಗಲಿ ಬಿಟ್ಟು ಏಳ್ತಿರ್ಲಿಲ್ಲ. ಉಂಡ್ರೆ ಉಂಡ್ಲು, ಇಲ್ದಿದ್ರೆ ಇಲ್ಲ. ರಾತ್ರಿ ಮಾತ್ರ ಎದ್ದು ಅಪ್ಪನ ತಟ್ಟೆಗೆ ಮುದ್ದೆ ಇಕ್ಕಿ ಮುಚ್ಚಿಡ್ತಿದ್ಲು. ಬೆಳಿಗ್ಗೆ ಅದನ್ನ ಹಸುಗೆ ಹಾಕ್ತಿದ್ರು. ಹಸು ದಪ್ಪ ಆಯ್ತು, ಅವ್ವ ಕಡ್ಡಿ ಆದ್ಲು. ಹಿಂಗೇ ಬಿಟ್ರೆ ಅವ್ವನೂ ಉಳಿಯಲ್ಲ ಅಂತ ಕುಳ್ಳೇಗೌಡಂಗೆ ಗೊತ್ತಾಗಿತ್ತು. ಅದಕ್ಕೇ ಪೇಟೆಗೆ ಹೋಗಿ ಈ ಗಾಳ ತಂದಿದ್ದ.

ಇದು ಹುಚ್ಚಯ್ಯಂಗೆ ತಿಳೀದೆ ಇರ್ಲಿಲ್ಲ. ಆದ್ರೆ ಇಬ್ರೂ ಆ ಮಾತು ಎತ್ಲಿಲ್ಲ.

"ಅದನ್ನ ಅಲ್ಲಿಡು," ಅಂದ ಹುಚ್ಚಯ್ಯ. ಗುಡಿಸಲೊಳಗಿಂದ ಬಳ್ಳಿ ಹಂಗೆ ಬಳುಕೋ ಒಂದು ಕೋಲು ತಂದ. "ಇದನ್ನ ಹಿಡಿ."

ಆ ಕೋಲಿನ ದಪ್ಪ ದಾರದ ತುದೀಲಿ ಒಂದು ಚಿಕ್ಕ ಗಾಳ. ಅದಕ್ಕೆ ಕೋಳಿಪುಕ್ಕ ಸುತ್ತಿತ್ತು. ನೋಡೋಕೆ ನೀರಿನ ಮೇಲೆ ಕೂರೋ ಹುಳದಂಗೇ ಇತ್ತು.

"ಗುಂಡು ಎಲ್ಲಿ? ಇದಕ್ಕೆ ಭಾರನೇ ಇಲ್ವಲ್ಲ," ಅಂದ ಕುಳ್ಳೇಗೌಡ.

"ಭಾರ ದಾರದಲ್ಲೈತೆ. ನೀನು ಎಸೆಯೋದು ದಾರನ. ಪುಕ್ಕ ಸುಮ್ಮನೆ ಹಿಂದೆ ಹೋಗುತ್ತೆ."

ಕುಳ್ಳೇಗೌಡ ಎಸೆದ. ಪುಕ್ಕ ಹಿಂದೆ ಹೋಗಿ ಅವನ ಕಿವಿ ಹಿಡ್ಕೊಂತು.

ಹುಚ್ಚಯ್ಯ ಬಿಡಿಸ್ದ. ಎರಡನೇ ಸಲ ಅದು ಹುಚ್ಚಯ್ಯನ ಟವೆಲ್ ಹಿಡೀತು. ಮೂರನೇ ಸಲ, ಮೇಯ್ತಿದ್ದ ಯಾರದೋ ಆಡಿನ ಬಾಲ. ಆಡು ಸುಮಾರು ದೂರ ಓಡ್ತು. ಓಡಿದ್ದು ಆಡೇ ಆದ್ರೂ, ಅಲ್ಲೀವರೆಗೆ ರೀಲಿಂದ ದಾರ ಹೊರಗೆ ಬಂದಿದ್ದು ಅದೊಂದೇ ಸಲ.

"ಇವತ್ತಿಗೆ ಇದೇ ದೊಡ್ಡ ಮೀನು," ಅಂದ ಹುಚ್ಚಯ್ಯ. ನಗ್ಲಿಲ್ಲ.

ಹೊತ್ತು ಇಳೀತಿರೋವಾಗ ಪುಕ್ಕ ಒಂದ್ಸಲ ಸರಿಯಾಗಿ ಹೋಗಿ ನೀರಿನ ಮೇಲೆ ಕೂತ್ಕೊಂತು. ಕೂತಿದ್ದು ಕೂತಂಗೇ ತೇಲ್ತಾ ಹೋಯ್ತು.

ಕುಳ್ಳೇಗೌಡ ನೋಡ್ತಾ ನಿಂತ.

"ಇದು ತಳಕ್ಕೆ ಯಾವಾಗ ಹೋಗುತ್ತೆ?"

"ಇದು ತಳಕ್ಕೆ ಹೋಗಲ್ಲ."

"ಮತ್ತೆ ನಂಗ್ಯಾಕಿದು?" ಕೋಲು ಕೆಳಗಿಟ್ಟ. "ಆಡು ಹಿಡಿಯೋಕೆ ಬಂದ್ನಾ ನಾನು? ನಂಗೆ ಏನ್ ಬೇಕು ಅಂತ ನಿಂಗೊತ್ತು, ಗುರುವೇ."

"ಗೊತ್ತು."

"ಗೊತ್ತಿದ್ದೂ ಪುಕ್ಕ ಕೊಡ್ತೀಯಾ?"

ಹುಚ್ಚಯ್ಯ ಗೋಣಿ ಕಡೆ ಕೈ ತೋರಿಸ್ದ.

"ತಗೊ. ಅದನ್ನೇ ಎಸಿ. ಆ ಕರಿಬಂಡೆ ಪಕ್ಕ ಮಡು ಐತೆ."

ಕುಳ್ಳೇಗೌಡ ಎಸೆದ. ಕಬ್ಬಿಣ ಗುಳುಂ ಅಂತ ಮುಳುಗ್ತು. ದಾರ ಇಳೀತಾನೇ ಇತ್ತು, ಆಮೇಲೆ ನಿಂತ್ಕೊಂತು. ಮೆಲ್ಲಗೆ ಎಳೆದ. ಮತ್ತೆ ಎಸೆದ. ಮತ್ತೆ ಎಳೆದ.

ಒಂದ್ಸಲ ಅದು ಬರ್ಲಿಲ್ಲ.

"ಸಿಕ್ತು," ಅಂದ. ದನಿ ಬದಲಾಗಿತ್ತು.

"ಬಿಡು ಕುಳ್ಳೇಗೌಡ."

"ಅಲ್ಲಾಡ್ತೈತೆ ಗುರುವೇ. ಬಂಡೆ ಅಲ್ಲ ಇದು."

ಮೂಟೆಗೆ ಹಗ್ಗ ಹಾಕಿ ಎಳೆಯೋ ಕೈ ಅದು. ಕೋಲು ಬಿಸಾಕಿ ದಾರಾನ ಮಣಿಕಟ್ಟಿಗೆ ಎರಡು ಸುತ್ತು ಸುತ್ಕೊಂಡ. ಹಿಮ್ಮಡಿ ಊರಿ ಎಳೆದ. ತಳದಲ್ಲಿದ್ದಿದ್ದು ಸಡಿಲ ಆಯ್ತು, ಮೇಲೆ ಬಂತು. ಬೇರು ಸಮೇತ ಒಂದು ಮರದ ಬೊಡ್ಡೆ. ಕಪ್ಪಗೆ, ಎತ್ತಿನ ಬೆನ್ನಿನಂಗೆ ಒಂದ್ಸಲ ಮಗ್ಗುಲು ಬದಲಾಯಿಸ್ತು. ಆಮೇಲೆ ಸೆಳವು ಅದನ್ನ ಹಿಡ್ಕೊಂತು.

ಅಂಗಡಿಯವನು ಸುಳ್ಳು ಹೇಳಿರ್ಲಿಲ್ಲ. ದಾರ ಕಿತ್ತೋಗ್ಲಿಲ್ಲ.

ಅದು ಕುಳ್ಳೇಗೌಡನ್ನ ಹೊಳೆಗೆ ಎಳೀತು; ನೀರು ಮೊದಲು ಮೊಣಕಾಲಿಗೆ, ಆಮೇಲೆ ಸೊಂಟಕ್ಕೆ, ಆಮೇಲೆ ಗಂಟಲಿಗೆ ಬಂತು. ಕೈ ಮುಂದಕ್ಕೆ ಚಾಚಿತ್ತು, ಯಾರೋ ಕರ್ಕೊಂಡು ಹೋಗ್ತಿರೋ ಹಂಗೆ. ಕೂಗ್ಲಿಲ್ಲ. ಬಿಡಿಸ್ಕೊಳೋಕೂ ನೋಡ್ಲಿಲ್ಲ. ಅದನ್ನ ಹುಚ್ಚಯ್ಯ ನೋಡ್ದ.

ಹುಚ್ಚಯ್ಯ ಸೊಂಟದ ಚೂರಿ ಕಿತ್ತು ನೀರಿಗೆ ಬಿದ್ದ. ದಾರ ಕುಯ್ದ. ಜುಟ್ಟು ಹಿಡಿದು ಎಳ್ಕೊಂಡು ಬಂದ.

ಇಬ್ರೂ ಮರಳ ಮೇಲೆ ಮಲಗಿ ಉಸಿರು ಬಿಡ್ತಿದ್ರು. ಕುಳ್ಳೇಗೌಡ ಬಾಯಿಂದ ನೀರು ಕಕ್ಕಿದ. ಮಣಿಕಟ್ಟಲ್ಲಿ ದಾರ ಕೊರೆದಿದ್ದ ಕಡೆ ಮಾಂಸ ಕಾಣ್ತಿತ್ತು.

"ನಮ್ಮಪ್ಪ ಎಲ್ಲವ್ನೆ, ಗುರುವೇ?"

"ಈ ಹೊಳೆ ಇಟ್ಕೊಳೋದಿಲ್ಲ, ಮಗ. ಸ್ವಲ್ಪ ಮೀನಿಗೆ ಕೊಡುತ್ತೆ, ಸ್ವಲ್ಪ ಸಮುದ್ರಕ್ಕೆ ಕೊಡುತ್ತೆ."

"ಆವತ್ತೇ ಯಾಕೆ ಹೇಳ್ಲಿಲ್ಲ?"

"ನಿಮ್ಮವ್ವ ಎದುರಿಗೆ ನಿಂತಿದ್ಲು."

ಕುಳ್ಳೇಗೌಡ ಮುಖ ಮುಚ್ಕೊಂಡ. ಹುಚ್ಚಯ್ಯ ಅವನನ್ನ ಅಳೋಕೆ ಬಿಟ್ಟು, ಎದ್ದು ಹೋಗಿ ಬಳುಕೋ ಕೋಲು ತಗೊಂಡ. ಅದರ ದಪ್ಪ ದಾರದಿಂದ ಪುಕ್ಕ ಬಿಚ್ಚಿ, ಆ ತುದಿಗೆ ಕೂದಲೆಳೆಯಂಥ ಒಂದು ಗೇಣು ದಾರ ಸೇರಿಸಿ ಹಲ್ಲಲ್ಲಿ ಗಂಟು ಬಿಗಿದ. ಅದಕ್ಕೆ ಪುಕ್ಕ ಕಟ್ಟಿದ.

ಕುಳ್ಳೇಗೌಡ ಕಣ್ಣು ಒರೆಸ್ಕೊಂಡು ನೋಡ್ದ.

"ಅಷ್ಟು ದಪ್ಪ ದಾರ ಇಟ್ಟು, ತುದೀಲಿ ಯಾಕೆ ಇಷ್ಟು ತೆಳ್ಳಗೆ ಕಟ್ತೀಯಾ?"

"ಮೊದಲ್ನೇ ಸಲ ಕೊಳ್ಳೋಕೆ ಹೋಗೋರೆಲ್ಲ, ದಾರ ಎಷ್ಟು ಭಾರ ತಡೆಯುತ್ತೆ ಅಂತ ಕೇಳ್ತಾರೆ," ಅಂದ ಹುಚ್ಚಯ್ಯ. "ಎಷ್ಟಕ್ಕೆ ಕಿತ್ತೋಗುತ್ತೆ ಅಂತ ಕೇಳಪ್ಪ."

ಕೋಲನ್ನ ಅವನ ಗಾಯದ ಕೈಗೇ ಕೊಟ್ಟು ಗುಡಿಸಲೊಳಕ್ಕೆ ಹೋದ.

ಕುಳ್ಳೇಗೌಡ ಮನೆ ಸೇರೋ ಹೊತ್ತಿಗೆ ದೀಪ ಹಚ್ಚಿದ್ರು. ಅವ್ವ ಜಗಲಿ ಮೇಲಿದ್ಲು. ಅವನ ಒದ್ದೆ ಬಟ್ಟೆ ನೋಡಿದ್ಲು, ಕೈ ನೋಡಿದ್ಲು.

"ಹೊಳೆಗೆ ಇಳಿದಿದ್ಯಾ?"

"ಇಳೀಲಿಲ್ಲ. ಎಳ್ಕೊಂಡೋಯ್ತು."

"ಎಲ್ಲೀವರೆಗೆ?"

ಕುಳ್ಳೇಗೌಡ ಗಂಟಲು ಮುಟ್ಟಿ ತೋರಿಸ್ದ.

ಅವ್ವ ಒಳಗೆ ಹೋಗಿ ಅರಿಶಿನ, ಕೊಬ್ಬರಿ ಎಣ್ಣೆ ತಂದ್ಲು. ಮಗನ ಕೈ ತೊಡೆ ಮೇಲೆ ಇಟ್ಕೊಂಡು ಗಾಯಕ್ಕೆ ಮೆತ್ತಿದ್ಲು. ಹಳೇ ಪಂಚೆ ಹರಿದು ಕಟ್ಟಿದ್ಲು. ಕಟ್ಟಿಯಾದ್ಮೇಲೂ ಕೈ ಬಿಡ್ಲಿಲ್ಲ.

"ಬೆಳಿಗ್ಗೆ ತಲೆ ಬೋಳಿಸ್ಕೊ, ಮಗ," ಅಂದ್ಲು ಅವ್ವ. "ಹೊಳೆ ಹತ್ರ ಬ್ಯಾಡ. ಮನೆ ಮುಂದಿನ ನಲ್ಲಿ ತಾವೇ ಆಗ್ಲಿ."